ಗ್ರೇಡ್ ಎಂಟು ಆದ ಮೇಲೆ ಮುಂದೇನು? ಪಿಯಾನೋ ವಾದಕರ ವೃತ್ತಿಯ ಒಳಹೊರಗು

ತುಮಕೂರಿನ ಎಸ್.ಎಸ್. ಪುರಂ ಇರಲಿ, ಕೋಲಾರ, ಚಿಕ್ಕಬಳ್ಳಾಪುರದ ಹೊಸ ಬಡಾವಣೆಗಳಿರಲಿ, ಭರತನಾಟ್ಯ, ಚಿತ್ರಕಲೆ, ಅಬಾಕಸ್ ಬೋರ್ಡುಗಳ ಸಾಲಿನಲ್ಲಿ ಈಗ ‘ಕೀಬೋರ್ಡ್ ಕ್ಲಾಸ್’ ಕೂಡ ಕಾಣಿಸುತ್ತದೆ. ಬೇಸಿಗೆ ರಜೆಯಲ್ಲಿ ಟಿ.ವಿ. ಮುಂದೆ ಕೂರದಿದ್ದರೆ ಸಾಕು ಎಂದು ಸೇರಿಸಿದ ಮಗು ಸಂಗೀತ ಪರೀಕ್ಷೆಯ ಎಂಟು ಹಂತಗಳಲ್ಲಿ, ಅಂದರೆ ಗ್ರೇಡ್‌ಗಳಲ್ಲಿ, ಎರಡು ಮೂರು ದಾಟಿ, ಮೊಬೈಲಿನಲ್ಲಿ ಪಿಯಾನೋ ಕಛೇರಿಗಳನ್ನು ಹುಡುಕಿ ನೋಡತೊಡಗಿದಾಗ ಮನೆಯಲ್ಲಿ ಪ್ರಶ್ನೆ ಏಳುತ್ತದೆ. ಇದು ಉದ್ಯೋಗವಾಗಬಲ್ಲದೇ? ಎಂಟನೇ ಗ್ರೇಡ್ ಮುಗಿದರೆ ವೇದಿಕೆ ಸಿಗುತ್ತದೆಯೇ? ಎಂಜಿನಿಯರಿಂಗ್ ದಾರಿ ಎಲ್ಲರಿಗೂ ಗೊತ್ತು: ಪಿಯುಸಿ, ಸಿಇಟಿ, ಕೌನ್ಸೆಲಿಂಗ್. ಪಿಯಾನೋ ದಾರಿ ಹೇಳಬಲ್ಲವರು ನೆಂಟರಿಷ್ಟರಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಮೊದಲಿಗೆ, ಯಾರನ್ನು ಕಾನ್ಸರ್ಟ್ ಪಿಯಾನಿಸ್ಟ್ ಎನ್ನುತ್ತಾರೆ ಎಂಬುದು. ಬಾಖ್, ಮೊಜಾರ್ಟ್, ಬೇಥೋವನ್, ಶೋಪ್ಯಾನ್, ರಾಖ್ಮನಿನಾಫ್ ಮೊದಲಾದವರು ಬರೆದಿಟ್ಟ ಕೃತಿಗಳನ್ನು ಸಭಾಂಗಣದಲ್ಲಿ ನುಡಿಸಿ ಅದರಿಂದಲೇ ಜೀವನ ನಡೆಸುವವರು ಇವರು. ಒಬ್ಬರೇ ಕೂತು ನುಡಿಸುವ ಕಛೇರಿಗೆ ರಿಸೈಟಲ್ ಎಂದು ಹೆಸರು. ಆರ್ಕೆಸ್ಟ್ರಾ, ಅಂದರೆ ಹತ್ತಾರು ವಾದ್ಯಗಳ ದೊಡ್ಡ ಮೇಳದ ಜೊತೆಗೆ ನುಡಿಸಲೆಂದೇ ಬರೆದ ಕೃತಿ ಕನ್ಚೆರ್ಟೊ. ನಮ್ಮ ಕಛೇರಿಯಲ್ಲಿ ವಿದ್ವಾಂಸರು ಆಲಾಪನೆ, ನೆರವಲ್, ಸ್ವರಪ್ರಸ್ತಾರದಲ್ಲಿ ಮನೋಧರ್ಮ ತೋರಿಸುತ್ತಾರೆ. ಇಲ್ಲಿ ಹಾಗಿಲ್ಲ, ಕಾಗದದಲ್ಲಿ ಇರುವ ಅಷ್ಟೂ ಸ್ವರ ನುಡಿಯಲೇಬೇಕು, ಹೊಸದು ಸೇರಿಸುವಂತಿಲ್ಲ. ನಡೆ ಎಷ್ಟು, ಎಲ್ಲಿ ಜೋರು, ಎಲ್ಲಿ ಮೆಲು, ಒಟ್ಟಿಗೆ ಕೇಳುವ ನಾಲ್ಕು ದನಿಗಳಲ್ಲಿ ಯಾವುದು ಮುಂದೆ ಬರಬೇಕು, ಎಲ್ಲಿ ಕ್ಷಣ ತಡೆಯಬೇಕು ಎಂಬುದರಲ್ಲಿ ಮಾತ್ರ ವಾದಕರ ಸ್ವಂತಿಕೆ.

ಕೀಬೋರ್ಡ್ ಬೇರೆ, ಪಿಯಾನೋ ಬೇರೆ

1700ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬಾತ ಪಿಯಾನೋ ಕಟ್ಟಿದ. ಇವತ್ತಿನ ಪಿಯಾನೋದಲ್ಲಿ 88 ಕೀ: 52 ಬಿಳಿ, 36 ಕಪ್ಪು. ಒಳಗೆ ಸುಮಾರು 230 ತಂತಿ. ಮೇಲಿನ ಸ್ವರಗಳಿಗೆ ಮೂರು ಮೂರು ತಂತಿ, ನಡುವೆ ಎರಡು, ತೀರಾ ಕೆಳಗೆ ಒಂದೊಂದೇ. ಎಲ್ಲ ತಂತಿಗಳ ಎಳೆತ ಕೂಡಿದರೆ 20 ಟನ್ನಿನ ಹತ್ತಿರ ಬರುತ್ತದೆ. ಅದಕ್ಕೇ ಒಳಗಡೆ ಎರಕದ ಕಬ್ಬಿಣದ ಚೌಕಟ್ಟು, ಅದಕ್ಕೇ ಅಷ್ಟು ತೂಕ.

ಕೀ ಒತ್ತಿದರೆ ಅದು ಸುಮಾರು 10 ಮಿಲಿಮೀಟರ್ ಕೆಳಗಿಳಿಯುತ್ತದೆ. ಇಳಿಸಲು 50 ಗ್ರಾಮಿನಷ್ಟು ಭಾರ ಸಾಕು. ಕೀಯ ಇನ್ನೊಂದು ತುದಿ ಉಣ್ಣೆ ಮೆತ್ತಿದ ಸುತ್ತಿಗೆಯನ್ನು ಮೇಲಕ್ಕೆ ತಳ್ಳುತ್ತದೆ. ಆದರೆ ಸುತ್ತಿಗೆ ತಂತಿಗೆ ಮುಟ್ಟುವ ತನಕ ಬೆರಳಿನ ಹಿಡಿತದಲ್ಲಿ ಇರುವುದಿಲ್ಲ. ತಂತಿಗೆ ಎರಡು ಮಿಲಿಮೀಟರಿನಷ್ಟು ಬಾಕಿ ಇರುವಾಗಲೇ ಅದನ್ನು ತಳ್ಳುವ ಸನ್ನೆಕೋಲು ಕಳಚಿಕೊಳ್ಳುತ್ತದೆ. ಉಳಿದ ದೂರವನ್ನು ಸುತ್ತಿಗೆ ತಾನಾಗಿಯೇ ಹಾರಿ ಹೊಡೆದು ಹಿಂದೆ ಬೀಳುತ್ತದೆ. ಶ್ರೀನಿವಾಸಪುರದ ತೋಪಿನಲ್ಲಿ ಮಾವಿನಕಾಯಿಗೆ ಕಲ್ಲು ಬೀರಿದ ಹಾಗೆ: ಕಲ್ಲು ಕೈಬಿಟ್ಟ ಮೇಲೆ ಎಷ್ಟು ಕೈ ಆಡಿಸಿದರೂ ಪ್ರಯೋಜನವಿಲ್ಲ, ಬಿಡುವಾಗ ಎಷ್ಟು ವೇಗವಿತ್ತೋ ಅಷ್ಟೇ ಲೆಕ್ಕ. ಹೀಗಾಗಿ ಪಿಯಾನೋದಲ್ಲಿ ಗಮಕ ಇಲ್ಲ. ಹುಟ್ಟಿದ ಸ್ವರವನ್ನು ಜಾರಿಸಲು, ಅಲುಗಿಸಲು, ಊದಿಸಲು ಆಗದು. ಅದು ಕ್ಷೀಣಿಸುತ್ತಾ ಹೋಗುತ್ತದೆ.

ಹಾಗಾದರೆ ವಾದಕರ ಕೈಯಲ್ಲಿ ಇರುವುದು ಎರಡೇ. ಸುತ್ತಿಗೆಯ ವೇಗ ಒಂದು, ಸ್ವರ ಯಾವಾಗ ನಿಲ್ಲಬೇಕು ಎಂಬುದು ಇನ್ನೊಂದು. ಕೀ ಬಿಟ್ಟಾಗ ಡ್ಯಾಂಪರ್ ತಂತಿಯ ಮೇಲೆ ಕೂತು ಸದ್ದು ಅಡಗಿಸುತ್ತದೆ. ಬಲಗಾಲಿನ ಪೆಡಲ್ ಒತ್ತಿದರೆ ಎಲ್ಲ ಡ್ಯಾಂಪರುಗಳೂ ಒಟ್ಟಿಗೆ ಎದ್ದು ಸ್ವರಗಳು ಬೆರೆಯುತ್ತವೆ. ಹತ್ತು ಹದಿನೈದು ವರ್ಷದ ತಾಲೀಮೆಲ್ಲ ಈ ಎರಡನ್ನು ಪಳಗಿಸುವುದಕ್ಕೇ.

ಕ್ಲಾಸುಗಳಲ್ಲಿ ಸಿಗುವ 61 ಕೀಯ ಕೀಬೋರ್ಡಿನಲ್ಲಿ ಕೀ ಕೆಳಗೆ ಸ್ಪ್ರಿಂಗ್ ಇರುತ್ತದೆ, ಸುತ್ತಿಗೆಯ ಭಾರ ಇರುವುದಿಲ್ಲ. ಅಗ್ಗದವುಗಳಲ್ಲಿ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಎರಡು ಮೂರು ವರ್ಷ ಇದರಲ್ಲೇ ಕಲಿತ ಮಗುವನ್ನು ನಿಜವಾದ ಪಿಯಾನೋ ಮುಂದೆ ಕೂರಿಸಿದರೆ ಉಂಗುರ ಬೆರಳು, ಕಿರುಬೆರಳಿನ ಸ್ವರಗಳು ಕೇಳಿಸುವುದೇ ಇಲ್ಲ. ಅದನ್ನು ಸರಿಮಾಡಲು ಹೋಗಿ ಮಗು ಮಣಿಕಟ್ಟು ಬಿಗಿಹಿಡಿಯುತ್ತದೆ. ಒಮ್ಮೆ ಕೂತ ಈ ಬಿಗಿ ಬಿಡಿಸಲು ಕಲಿಸಿದ್ದಕ್ಕಿಂತ ಹೆಚ್ಚು ಕಾಲ ಬೇಕು. ಮಗುವಿಗೆ ನಿಜವಾಗಿ ಆಸಕ್ತಿ ಇದೆ ಎನಿಸಿದರೆ ಎರಡನೇ ಗ್ರೇಡಿನೊಳಗೆ ‘88 ಕೀ, ವೆಯ್ಟೆಡ್, ಹ್ಯಾಮರ್ ಆ್ಯಕ್ಷನ್’ ಎಂದು ಬರೆದಿರುವ ಡಿಜಿಟಲ್ ಪಿಯಾನೋಗೆ ಬದಲಿಸುವುದು ಒಳ್ಳೆಯದು. ಒಳ್ಳೆಯ ಕಂಪನಿಗಳ ಆರಂಭದ ಮಾದರಿಗಳು ನಲವತ್ತು ಐವತ್ತು ಸಾವಿರದ ಆಸುಪಾಸಿನಲ್ಲಿವೆ. ಕತ್ತರಿ ಆಕಾರದ ಸ್ಟ್ಯಾಂಡು ಬೇಡ, ಜೋರಾಗಿ ನುಡಿಸಿದರೆ ಅಲ್ಲಾಡುತ್ತದೆ. ಊಟದ ಮೇಜಿನ ಕುರ್ಚಿಯೂ ಬೇಡ; ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಎತ್ತರ ಹೊಂದಿಸಬಹುದಾದ ಬೆಂಚು ಬೇಕು.

ಗ್ರೇಡ್ ಪರೀಕ್ಷೆ ಅಳೆಯುವುದು ಏನನ್ನು?

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಲಂಡನ್ನಿನ ಎರಡು ಸಂಸ್ಥೆಗಳ ಪರೀಕ್ಷೆ: ಎಬಿಆರ್‌ಎಸ್‌ಎಂ ಮತ್ತು ಟ್ರಿನಿಟಿ. ಎರಡರಲ್ಲೂ ಇನಿಷಿಯಲ್ ಹಂತದಿಂದ ಎಂಟರವರೆಗೆ ಗ್ರೇಡ್‌ಗಳಿವೆ. ಎಬಿಆರ್‌ಎಸ್‌ಎಂ ಪ್ರಾಯೋಗಿಕ ಪರೀಕ್ಷೆಯ 150 ಅಂಕ ಹೀಗೆ ಹಂಚಿಕೆಯಾಗುತ್ತದೆ: ಮೂರು ಕೃತಿಗೆ ತಲಾ 30, ಸ್ಕೇಲ್‌ಗಳಿಗೆ (ಸ್ವರಗಳ ಆರೋಹಣ ಅವರೋಹಣ) 21, ಮೊದಲ ಸಲ ನೋಡಿದ್ದನ್ನು ಅಲ್ಲೇ ಓದಿ ನುಡಿಸುವುದಕ್ಕೆ 21, ಕೇಳಿ ಗುರುತಿಸುವುದಕ್ಕೆ 18. ನೂರಕ್ಕೆ ಪಾಸು, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಈ ಸಂಸ್ಥೆಯಲ್ಲಿ ಆರನೇ ಗ್ರೇಡಿಗೆ ಹೋಗುವ ಮೊದಲು ಐದನೇ ಗ್ರೇಡ್ ಥಿಯರಿ ಪಾಸಾಗಿರಬೇಕು. ಇದು ಗೊತ್ತಿಲ್ಲದೆ ಒಂದು ವರ್ಷ ಕಳೆದುಕೊಳ್ಳುವವರು ಬಹಳ.

ಸರ್ಟಿಫಿಕೇಟಿನಲ್ಲಿ ವಿಷಯ ‘ಪಿಯಾನೋ’ ಎಂದಿದೆಯೋ ‘ಎಲೆಕ್ಟ್ರಾನಿಕ್ ಕೀಬೋರ್ಡ್’ ಎಂದಿದೆಯೋ ನೋಡಿಕೊಳ್ಳಿ. ಟ್ರಿನಿಟಿಯಲ್ಲಿ ಇವೆರಡೂ ಬೇರೆ ಬೇರೆ ಪಠ್ಯಕ್ರಮ. ಕೀಬೋರ್ಡಿನಲ್ಲಿ ಎಡಗೈ ಬಹುಮಟ್ಟಿಗೆ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಹಿಡಿಯುತ್ತದೆ, ರಿದಮ್ಮನ್ನು ಯಂತ್ರ ಕೊಡುತ್ತದೆ. ಅದೂ ಕಲಿಕೆಯೇ, ಆದರೆ ಕನ್ಸರ್ವೇಟರಿಗೆ, ಅಂದರೆ ಸಂಗೀತ ವಾದನವನ್ನೇ ಪದವಿಯಾಗಿ ಕಲಿಸುವ ಕಾಲೇಜಿಗೆ, ಆ ದಾರಿ ಹೋಗುವುದಿಲ್ಲ.

ಗ್ರೇಡ್‌ಗಳ ನಿಜವಾದ ತೊಂದರೆ ಬೇರೆಯೇ ಇದೆ. ಪರೀಕ್ಷೆಗೆ ಮೂರು ಕೃತಿ ಸಾಕು ಎಂದು ವರ್ಷವಿಡೀ ಮೂರನ್ನೇ ತಿಕ್ಕುತ್ತಾರೆ, ಪರೀಕ್ಷೆ ಮುಗಿದ ವಾರವೇ ಮರೆಯುತ್ತಾರೆ. ವೃತ್ತಿಯಲ್ಲಿರುವವರು ಒಂದು ರಿಸೈಟಲ್ಲಿಗೆ 70–90 ನಿಮಿಷದ ಸಂಗೀತ ತಯಾರಿಟ್ಟುಕೊಂಡಿರುತ್ತಾರೆ, ಅದರ ಜೊತೆಗೆ ಹಲವು ಕನ್ಚೆರ್ಟೊ. ಕರೆದ ದಿನ ನುಡಿಸಲು ಕೈಯಲ್ಲಿ ಎಷ್ಟು ಕೃತಿ ಸಿದ್ಧವಿದೆ ಎಂಬುದೇ ಅವರ ಬಂಡವಾಳ. ಅದಕ್ಕೆ ರೆಪರ್ಟ್ವಾರ್ ಎನ್ನುತ್ತಾರೆ. ಎಂಟನೇ ಗ್ರೇಡ್ ಆದವರಿಗೆ ದೊಡ್ಡ ಕನ್ಸರ್ವೇಟರಿಯ ಬಾಗಿಲು ದೂರದಲ್ಲಿ ಕಂಡಿದೆ ಅಷ್ಟೆ. ಅಲ್ಲಿನ ಆಯ್ಕೆಯಲ್ಲಿ ಸಾಮಾನ್ಯವಾಗಿ ಬಾಖ್‌ನ ಒಂದು ಪ್ರೆಲ್ಯೂಡ್ ಮತ್ತು ಫ್ಯೂಗ್, ಬೇಥೋವನ್ ಕಾಲದ ಪೂರ್ತಿ ಸೊನಾಟಾ (ಹಲವು ಭಾಗಗಳ ಕೃತಿ), ಒಂದೆರಡು ಕಠಿಣ ಎಟ್ಯೂಡ್ (ಬೆರಳಿನ ತಾಲೀಮಿಗೆಂದು ಬರೆದ ಕೃತಿ), ಹತ್ತೊಂಬತ್ತನೇ ಶತಮಾನದ ಒಂದು ದೊಡ್ಡ ಕೃತಿ ಕೇಳುತ್ತಾರೆ. ಎಲ್ಲವೂ ಪುಸ್ತಕ ನೋಡದೆ. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯಲ್ಲಿ 1928ರಿಂದ ಬೋಧನಾ ಶುಲ್ಕವೇ ಇಲ್ಲ; ಅದಕ್ಕೇ ಅಲ್ಲಿ ಸೀಟು ಸಿಗುವುದು ಬಲು ಕಷ್ಟ.

ದಿನಕ್ಕೆ ನಾಲ್ಕೈದು ಗಂಟೆ ಏನು ಮಾಡುತ್ತಾರೆ?

ವೃತ್ತಿಪರರ ಅಭ್ಯಾಸ ದಿನಕ್ಕೆ ನಾಲ್ಕರಿಂದ ಆರು ಗಂಟೆ, ಅದೂ ಮುಕ್ಕಾಲು ಗಂಟೆಗೊಂದು ಬಿಡುವು ಕೊಟ್ಟು. ಅದರಲ್ಲಿ ಕೃತಿಯನ್ನು ಮೊದಲಿಂದ ಕೊನೆಯವರೆಗೆ ನುಡಿಸುವ ಹೊತ್ತು ತೀರಾ ಕಡಿಮೆ. ಹೊಸ ಕೃತಿ ಹಿಡಿದಾಗ ಮೊದಲ ಕೆಲಸ ಫಿಂಗರಿಂಗ್: ಹೆಬ್ಬೆರಳು 1, ಕಿರುಬೆರಳು 5 ಎಂಬ ಲೆಕ್ಕದಲ್ಲಿ ಯಾವ ಸ್ವರಕ್ಕೆ ಯಾವ ಬೆರಳು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು. ಒಮ್ಮೆ ನಿಶ್ಚಯಿಸಿದ್ದನ್ನು ದಿನಕ್ಕೊಂದು ರೀತಿ ಬದಲಿಸಿದರೆ ಕೈ ಏನನ್ನೂ ಕಲಿಯುವುದಿಲ್ಲ. ಆಮೇಲೆ ಒಂದೊಂದೇ ಕೈ, ಲಯ ತಟ್ಟುವ ಯಂತ್ರವಾದ ಮೆಟ್ರೊನೋಮ್ ಇಟ್ಟು ಅರ್ಧ ವೇಗದಲ್ಲಿ, ತಾಳದ ನಾಲ್ಕು ನಾಲ್ಕು ಆವರ್ತದಂತೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಶೋಪ್ಯಾನ್‌ನ ಓಪಸ್ 10 ಎಂಬ ಸಂಪುಟದ ಎರಡನೇ ಎಟ್ಯೂಡಿನಲ್ಲಿ ಬಲಗೈಯ 3, 4, 5ನೇ ಬೆರಳುಗಳು ಮಾತ್ರ ಕಪ್ಪು ಬಿಳಿ ಒಂದನ್ನೂ ಬಿಡದೆ ಓಡುತ್ತಾ ಹೋಗಬೇಕು. ಅದೇ ಕೈಯ 1, 2ನೇ ಬೆರಳುಗಳು ಕೆಳಗೆ ಸಣ್ಣ ಸಣ್ಣ ಕಾರ್ಡುಗಳನ್ನು ಮುಟ್ಟಿ ಬಿಡುತ್ತಿರಬೇಕು. ಮೂರನೇ ಬೆರಳು ನಾಲ್ಕರ ಮೇಲೆ, ನಾಲ್ಕು ಐದರ ಮೇಲೆ ದಾಟುತ್ತದೆ. ಇಲ್ಲಿ ತೊಡಕಿರುವುದು ಅಂಗರಚನೆಯಲ್ಲೇ. ಅಂಗೈ ಹಿಂಬದಿಯಲ್ಲಿ ನಾಲ್ಕನೇ ಬೆರಳಿನ ಸ್ನಾಯುರಜ್ಜು ಅಕ್ಕಪಕ್ಕದವಕ್ಕೆ ಅಂಟಿಕೊಂಡಿರುವುದರಿಂದ ಅದೊಂದೇ ಸಲೀಸಾಗಿ ಮೇಲೇಳುವುದಿಲ್ಲ. ಅಂಗೈ ಮೇಜಿನ ಮೇಲಿಟ್ಟು ನಡುಬೆರಳು ಮಡಚಿ, ಉಂಗುರ ಬೆರಳನ್ನಷ್ಟೇ ಎತ್ತಿ ನೋಡಿದರೆ ಯಾರಿಗೂ ತಿಳಿಯುತ್ತದೆ. ಇದನ್ನು ‘ಬಲಪಡಿಸುತ್ತೇನೆ’ ಎಂದು ಹೊರಡುವುದೇ ತಪ್ಪು. ಬೆರಳನ್ನು ಮೇಲಕ್ಕೆತ್ತದೆ, ಮುಂಗೈಯನ್ನು ಆಯಾ ಬೆರಳಿನ ಹಿಂದೆ ಸಣ್ಣಗೆ ಸರಿಸುತ್ತಾ ಭಾರ ದಾಟಿಸುವುದು ಸರಿಯಾದ ದಾರಿ. ಜರ್ಮನಿಯ ರಾಬರ್ಟ್ ಶೂಮನ್ ವಾದಕನಾಗಬೇಕೆಂದು ಹೊರಟವನು, 1830ರ ದಶಕದ ಆರಂಭದಲ್ಲಿ ಬಲಗೈ ಬೆರಳು ಕೆಟ್ಟು ಆ ಆಸೆ ಬಿಟ್ಟ. ಕೃತಿ ರಚನೆಗೆ ಇಳಿದದ್ದು ಸಂಗೀತದ ಭಾಗ್ಯ ಎನ್ನಿ.

ಪುಸ್ತಕ ನೋಡದೆ ಒಂದೂವರೆ ಗಂಟೆ

ವೇದಿಕೆಯಲ್ಲಿ ಪುಸ್ತಕ ಇಡದೆ ನುಡಿಸುವ ರೂಢಿ ಹತ್ತೊಂಬತ್ತನೇ ಶತಮಾನದಲ್ಲಿ ಬಂತು. ಆ ಕಾಲದ ಹೆಸರಾಂತ ವಾದಕರಾದ ಫ್ರಾಂಟ್ಸ್ ಲಿಸ್ಟ್ ಮತ್ತು ಕ್ಲಾರಾ ಶೂಮನ್ ಅದಕ್ಕೆ ಮುಖ್ಯ ಕಾರಣ. ಇಂದಿಗೂ ಒಬ್ಬರೇ ನುಡಿಸುವಾಗ ಅದೇ ನಿರೀಕ್ಷೆ.

ನೆನಪು ಒಂದೇ ಬಗೆಯದಲ್ಲ. ಬೆರಳಿನ ನೆನಪು, ಕಿವಿಯ ನೆನಪು, ಪುಟದ ನೆನಪು, ಕೃತಿಯನ್ನು ಕಟ್ಟಿರುವ ರೀತಿಯ ನೆನಪು ಹೀಗೆ ನಾಲ್ಕಿವೆ. ಮಕ್ಕಳು ಮೊದಲನೆಯದನ್ನೇ ನಂಬುತ್ತಾರೆ, ಅದೇ ಮೊದಲು ಕೈಕೊಡುವುದೂ ಹೌದು. ಯಾರೋ ಕೆಮ್ಮಿದರೆ, ಕೀ ಸ್ವಲ್ಪ ಭಾರವಿದ್ದರೆ ಬೆರಳಿನ ಸರಣಿ ಕಡಿಯುತ್ತದೆ. ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಮೊದಲಿಂದ ಶುರುಮಾಡುವುದೊಂದೇ ದಾರಿ. ಇದಕ್ಕೆ ವೃತ್ತಿಪರರು ಕೃತಿಯಲ್ಲಿ ಹದಿನೈದು ಇಪ್ಪತ್ತು ಕಡೆ ಗುರುತು ಹಾಕಿ, ಯಾವ ಗುರುತಿನಿಂದ ಬೇಕಾದರೂ ಎತ್ತಿಕೊಳ್ಳುವಂತೆ, ಕೊನೆಯ ಗುರುತಿನಿಂದ ಹಿಂದಕ್ಕೂ ಅಭ್ಯಾಸ ಮಾಡುತ್ತಾರೆ. ನೆನಪು ಗಟ್ಟಿಯಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆ: ಎಡಗೈ ಭಾಗವನ್ನಷ್ಟೇ, ನಿಧಾನವಾಗಿ, ಪುಸ್ತಕ ಮುಚ್ಚಿ ನುಡಿಸುವುದು. ನಿಧಾನ ಮಾಡಿದೊಡನೆ ಬೆರಳಿನ ನೆನಪಿನ ನೆರವು ತಪ್ಪುತ್ತದೆ.

ಎಷ್ಟು ಗಟ್ಟಿಯಿರಬೇಕು ಎಂಬುದಕ್ಕೆ 1999ರ ಆಂಸ್ಟರ್‌ಡ್ಯಾಂ ಪ್ರಸಂಗ ಸಾಕು. ಪೋರ್ಚುಗಲ್ಲಿನ ಮರಿಯಾ ಜುವಾಂವ್ ಪಿರೆಸ್ ಮೊಜಾರ್ಟನ ಒಂದು ಕನ್ಚೆರ್ಟೊ ತಯಾರಿಸಿ ಬಂದು ಕೂತಿದ್ದರು. ಸಭಿಕರ ಎದುರೇ ಆರ್ಕೆಸ್ಟ್ರಾ ಬೇರೊಂದನ್ನು, ಡಿ ಮೈನರ್ ಕನ್ಚೆರ್ಟೊವನ್ನು, ಶುರುಮಾಡಿತು. ಪಿಯಾನೋ ಪ್ರವೇಶಕ್ಕೆ ಮುನ್ನ ಆರ್ಕೆಸ್ಟ್ರಾ ನುಡಿಸುವ ಆ ಎರಡು ಚಿಲ್ಲರೆ ನಿಮಿಷದಲ್ಲೇ ಅವರು ಹಳೆಯ ಅಭ್ಯಾಸವನ್ನು ನೆನಪಿಗೆ ತಂದುಕೊಂಡು ನುಡಿಸಿಬಿಟ್ಟರು. ವಯಸ್ಸಾದ ಮೇಲೆ ಸ್ವಿಯಾತೊಸ್ಲಾವ್ ರಿಖ್ಟರ್‌ರಂಥ ಘಟಾನುಘಟಿಯೇ ಪುಸ್ತಕ ಇಟ್ಟುಕೊಂಡು, ಪುಟದ ಮೇಲೆ ಒಂದು ದೀಪ ಹಾಕಿಸಿಕೊಂಡು ನುಡಿಸಿದ್ದೂ ಉಂಟು.

ಕೈ ಕೆಟ್ಟರೆ

ಸ್ನಾಯುರಜ್ಜು ಊದಿಕೊಳ್ಳುವುದು ಸಾಮಾನ್ಯ. ಅಭ್ಯಾಸದ ಹೊತ್ತನ್ನು ಒಮ್ಮೆಲೇ ಹೆಚ್ಚಿಸುವುದು, ಕೈ ಚಾಚಿಗೆ ಮೀರಿದ ಕೃತಿ ಹಿಡಿಯುವುದು, ಭುಜ ಎತ್ತಿ ಕೂರುವುದು ಇದಕ್ಕೆ ಕಾರಣ. ನೋವು ಬಂದರೆ ನಿಲ್ಲಿಸಬೇಕು. ‘ನುಡಿಸುತ್ತಾ ನುಡಿಸುತ್ತಾ ಹೋಗುತ್ತದೆ’ ಎಂಬ ಮಾತು ಇಲ್ಲಿ ನಿಜವಲ್ಲ. ಇನ್ನೊಂದು ಫೋಕಲ್ ಡಿಸ್ಟೋನಿಯಾ. ನೋವಿರುವುದಿಲ್ಲ, ಆದರೆ ನುಡಿಸಲು ಕೂತಾಗ ಮಾತ್ರ ಬೆರಳು ತಾನಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತದೆ. ಅಮೆರಿಕದ ಲಿಯಾನ್ ಫ್ಲೈಷರ್‌ಗೆ 1964ರಲ್ಲಿ, 36ನೇ ವಯಸ್ಸಿನಲ್ಲಿ ಬಲಗೈ ಹೀಗಾಯಿತು. ಅವರು ಪಾಠ ಹೇಳುತ್ತಾ, ಎಡಗೈ ಒಂದಕ್ಕೇ ಬರೆದ ಕೃತಿಗಳನ್ನು ನುಡಿಸುತ್ತಾ ಉಳಿದರು. 1990ರ ದಶಕದಲ್ಲಿ ಬೊಟಾಕ್ಸ್ ಚಿಕಿತ್ಸೆಯ ನಂತರ ಎರಡೂ ಕೈಯಲ್ಲಿ ಮರಳಿದರು. ಎಡಗೈ ಕೃತಿಗಳು ಇಷ್ಟೊಂದು ಇರುವುದಕ್ಕೆ ಮುಖ್ಯ ಕಾರಣ ಮೊದಲ ಮಹಾಯುದ್ಧದಲ್ಲಿ ಬಲತೋಳು ಕಳೆದುಕೊಂಡ ಪಿಯಾನೋ ವಾದಕ ಪೌಲ್ ವಿಟ್ಗೆನ್‌ಸ್ಟೈನ್. ಅವರೇ ರಾವೆಲ್ ಮೊದಲಾದವರಿಂದ ಬರೆಸಿದರು.

ಕಛೇರಿಯ ದಿನ, ಊರಿಗೊಂದು ವಾದ್ಯ

ವೈಣಿಕರು ತಮ್ಮ ವೀಣೆ ತರುತ್ತಾರೆ. ಪಿಯಾನಿಸ್ಟ್ ಬರಿಗೈಯಲ್ಲಿ ಬರುತ್ತಾರೆ, ಏಕೆಂದರೆ ಕಾನ್ಸರ್ಟ್ ಗ್ರ್ಯಾಂಡ್, ಅಂದರೆ ತಂತಿಗಳು ಅಡ್ಡಲಾಗಿ ಮಲಗಿರುವ ಸಭಾಂಗಣದ ದೊಡ್ಡ ಪಿಯಾನೋ, ಸುಮಾರು 274 ಸೆಂಟಿಮೀಟರ್ ಉದ್ದ, ಅರ್ಧ ಟನ್ ತೂಕ. 1986ರಲ್ಲಿ ಮಾಸ್ಕೋಗೆ ತಮ್ಮದೇ ಪಿಯಾನೋ ಸಾಗಿಸಿದ ವ್ಲಾದಿಮಿರ್ ಹೊರೊವಿಟ್ಸ್‌ರಂಥವರು ವಿರಳ.

ಹಾಗಾಗಿ ಬೆಳಿಗ್ಗೆಯೇ ಸಭಾಂಗಣಕ್ಕೆ ಹೋಗಿ ಒಂದೆರಡು ಗಂಟೆ ಆ ವಾದ್ಯದ ಸ್ವಭಾವ ತಿಳಿಯಬೇಕು: ಕೀ ಎಷ್ಟು ಭಾರ, ಪೆಡಲ್ ಎಲ್ಲಿ ಹಿಡಿಯುತ್ತದೆ, ಮೇಲಿನ ಸ್ವರ ಕಿರುಚುತ್ತದೆಯೇ. ಶ್ರುತಿ ಮಾಡುವ ಟ್ಯೂನರ್ ಪಕ್ಕದಲ್ಲೇ ಇರುತ್ತಾರೆ. ಸ್ವರ ಕರ್ಕಶವಾಗಿದ್ದರೆ ಸುತ್ತಿಗೆಯ ಉಣ್ಣೆಗೆ ಸೂಜಿ ಚುಚ್ಚಿ ಮೆತ್ತಗೆ ಮಾಡುತ್ತಾರೆ. ಇದಕ್ಕೆ ವಾಯ್ಸಿಂಗ್ ಎಂದು ಹೆಸರು. ಖಾಲಿ ಸಭಾಂಗಣದಲ್ಲಿ ಸರಿಯೆನಿಸಿದ ಪೆಡಲ್ ಸಂಜೆಗೆ ಸರಿಹೋಗುವುದಿಲ್ಲ. ಜನರ ಮೈ, ಬಟ್ಟೆ ಸದ್ದನ್ನು ಹೀರಿಕೊಂಡು ಅನುರಣನ ಕಡಿಮೆಯಾಗುತ್ತದೆ. ಅದನ್ನು ಮೊದಲ ಕೃತಿಯ ಮೊದಲ ಒಂದೆರಡು ನಿಮಿಷದಲ್ಲೇ ಕಿವಿಯಿಂದ ತಿದ್ದಿಕೊಳ್ಳಬೇಕು.

ಅವಕಾಶ ಬರುವುದು ಎಲ್ಲಿಂದ?

ಸ್ಪರ್ಧೆಗಳಿಂದ, ಗುರುಗಳ ಶಿಫಾರಸಿನಿಂದ, ಏಜೆಂಟರಿಂದ. ಕೆಲವೊಮ್ಮೆ ಬೇರೆಯವರಿಗೆ ಜ್ವರ ಬರುವುದರಿಂದ. ವಾರ್ಸಾದಲ್ಲಿ 1927ರಿಂದ ನಡೆಯುತ್ತಿರುವ ಶೋಪ್ಯಾನ್ ಸ್ಪರ್ಧೆ ಐದು ವರ್ಷಕ್ಕೊಮ್ಮೆ ಬರುತ್ತದೆ; ಕೊನೆಯ ಸುತ್ತಿನಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸಬೇಕು. 2025ರಲ್ಲಿ ಗೆದ್ದವರು ಎರಿಕ್ ಲು. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ 1962ರಿಂದ ವ್ಯಾನ್ ಕ್ಲೈಬರ್ನ್ ಸ್ಪರ್ಧೆಯಿದೆ. 2022ರಲ್ಲಿ ದಕ್ಷಿಣ ಕೊರಿಯಾದ ಯುನ್‌ಚಾನ್ ಲಿಮ್ 18ನೇ ವಯಸ್ಸಿಗೇ ಗೆದ್ದರು. ಬಹುಮಾನದ ಹಣಕ್ಕಿಂತ, ಗೆದ್ದವರಿಗೆ ಮುಂದಿನ ಎರಡು ಮೂರು ವರ್ಷ ಸಿಗುವ ಕಛೇರಿಗಳ ಪಟ್ಟಿ ಮುಖ್ಯ. ಆ ಪಟ್ಟಿ ಮುಗಿದ ಮೇಲೂ ಮತ್ತೆ ಕರೆಯುವಂತೆ ನುಡಿಸದಿದ್ದರೆ, ಮುಂದಿನ ಸ್ಪರ್ಧೆಯ ವಿಜೇತರು ಬಂದು ಆ ಜಾಗ ತುಂಬುತ್ತಾರೆ.

ಜ್ವರದ ಮಾತು ತಮಾಷೆಗೆ ಹೇಳಿದ್ದಲ್ಲ. 1999ರಲ್ಲಿ ಷಿಕಾಗೊ ಬಳಿಯ ರವೀನಿಯಾದಲ್ಲಿ ಆಂಡ್ರೆ ವಾಟ್ಸ್ ಬರಲಾಗದಿದ್ದಾಗ 17 ವರ್ಷದ ಲಾಂಗ್ ಲಾಂಗ್ ಅವರ ಬದಲಿಗೆ ಚೈಕೋವ್‌ಸ್ಕಿ ಕನ್ಚೆರ್ಟೊ ನುಡಿಸಿ ಹೆಸರಾದರು. 2007ರಲ್ಲಿ ಬಾಸ್ಟನ್‌ನಲ್ಲಿ ಮಾರ್ತಾ ಆರ್ಗೆರಿಚ್ ಜಾಗದಲ್ಲಿ ಯೂಜಾ ವಾಂಗ್ ನುಡಿಸಿದರು. ಫೋನ್ ಬಂದಾಗ ‘ಆ ಕೃತಿ ಕೈಯಲ್ಲಿದೆ’ ಎನ್ನಲು ಸಾಧ್ಯವಾದದ್ದೇ ಇಬ್ಬರ ಅದೃಷ್ಟ.

ಹಣದ ಲೆಕ್ಕ ಹೀಗೆ: ಕಛೇರಿಗೆ ಇಂತಿಷ್ಟೆಂದು ಸಂಭಾವನೆ, ಅದರಲ್ಲಿ ಏಜೆಂಟರಿಗೆ ಸಾಮಾನ್ಯವಾಗಿ ಶೇ. 15–20. ಕಛೇರಿಗಳು ಒಂದೂವರೆ ಎರಡು ವರ್ಷ ಮೊದಲೇ ಗೊತ್ತಾಗುತ್ತವೆ, ಹಣ ಮಾತ್ರ ನುಡಿಸಿದ ಮೇಲೆ. ಕೈ ನೊಂದು ರದ್ದಾದರೆ ಸಂಭಾವನೆಯೂ ಇಲ್ಲ. ಬರೀ ಕಛೇರಿಯಿಂದ ಬದುಕುವವರು ಜಗತ್ತಿನಲ್ಲೇ ಕೆಲವರು. ಉಳಿದವರು ಪಾಠ, ಗಾಯಕರಿಗೆ ಪಕ್ಕವಾದ್ಯ, ಕೆಲವೇ ವಾದಕರು ಕೂಡಿ ನುಡಿಸುವ ಚೇಂಬರ್ ಸಂಗೀತ ಎಲ್ಲ ಸೇರಿಸಿ ವರ್ಷ ದಾಟಿಸುತ್ತಾರೆ. ಅದನ್ನು ಸೋಲೆಂದು ಆ ಲೋಕದಲ್ಲಿ ಯಾರೂ ಎಣಿಸುವುದಿಲ್ಲ.

ನಮ್ಮ ನಾಡಿಗೆ ಈ ಸಂಗೀತ ಅಪರಿಚಿತವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಕಾನ್ಸರ್ಟ್ ಪಿಯಾನಿಸ್ಟ್ ಆಗುವ ಹಂಬಲವಿದ್ದವರು. 1940ರಲ್ಲಿ ಪಟ್ಟಕ್ಕೆ ಬಂದದ್ದರಿಂದ ಅದು ಅಲ್ಲಿಗೇ ನಿಂತಿತು. ರಷ್ಯಾದ ನಿಕೊಲಾಯ್ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಅವರು ಹಣ ಕೊಟ್ಟರು, ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ.

ತುಮಕೂರು, ಕೋಲಾರದ ಮನೆಯಿಂದ ಹೊರಡುವವರಿಗೆ

ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರೇ ಆಸರೆ. 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಸೇರಿ ಕಲಿಸುವ ಜಾಗಗಳು ಅಲ್ಲಿವೆ. ಐದನೇ ಗ್ರೇಡಿನ ನಂತರ ವಾರಕ್ಕೊಮ್ಮೆಯಾದರೂ ನಿಜವಾದ ತಂತಿಯ ಪಿಯಾನೋ ಮೇಲೆ ಪಾಠ ಆಗಬೇಕು. ಡಿಜಿಟಲ್ ವಾದ್ಯದಲ್ಲಿ ಪೆಡಲನ್ನು ಅರ್ಧ ಮಾತ್ರ ಒತ್ತುವ ಸೂಕ್ಷ್ಮ ಸರಿಯಾಗಿ ತಿಳಿಯುವುದಿಲ್ಲ.

ತಂತಿಗಳು ನೆಟ್ಟಗೆ ನಿಂತಿರುವ ಹಳೆಯ ಅಪ್‌ರೈಟ್ ಪಿಯಾನೋ ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತರುವ ಮೊದಲು ಟ್ಯೂನರ್ ಒಬ್ಬರಿಗೆ ತೋರಿಸಿ. ತಂತಿ ಸುತ್ತಿದ ಪಿನ್ನುಗಳು ಮರದಲ್ಲಿ ಸಡಿಲವಾಗಿದ್ದರೆ ಎಷ್ಟು ಶ್ರುತಿ ಮಾಡಿದರೂ ನಿಲ್ಲುವುದಿಲ್ಲ. ತೂಕ 200 ಕಿಲೋ ದಾಟುತ್ತದೆ, ಮಹಡಿ ಮನೆಯಾದರೆ ಮೆಟ್ಟಿಲು ಅಳೆದು ನೋಡಿ. ಮಳೆಗಾಲದಲ್ಲಿ ಒಳಗಿನ ಹಲಗೆ ತೇವ ಹೀರಿ ಉಬ್ಬಿದರೆ ಶ್ರುತಿ ಏರುತ್ತದೆ, ಮಾರ್ಚ್ ಏಪ್ರಿಲ್‌ನ ಒಣಹವೆಗೆ ಇಳಿಯುತ್ತದೆ. ವರ್ಷಕ್ಕೆ ಎರಡು ಸಲ ಟ್ಯೂನರ್ ಬೆಂಗಳೂರಿನಿಂದ ಬರಬೇಕು, ಅವರ ಓಡಾಟದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಣ್ಣೆ ಎಂದರೆ ನುಸಿಗೂ ಇಲಿಗೂ ಪ್ರಾಣ. ಕಿಟಕಿ ಬಿಸಿಲು ಬೀಳುವ ಗೋಡೆ ಬೇಡ.

ವಿದೇಶದ ಕನ್ಸರ್ವೇಟರಿಗಳು ಮೊದಲ ಸುತ್ತಿಗೆ ಸಾಮಾನ್ಯವಾಗಿ ವಿಡಿಯೊ ಕೇಳುತ್ತವೆ. ತಂತಿಯ ಪಿಯಾನೋ, ಸಾಧ್ಯವಾದರೆ ಗ್ರ್ಯಾಂಡ್, ಒಂದೆರಡು ದಿನ ಮೊದಲು ಶ್ರುತಿ ಮಾಡಿಸಿದ್ದಿರಬೇಕು. ಒಂದು ಕೃತಿಯನ್ನು ಒಂದೇ ಟೇಕ್‌ನಲ್ಲಿ ಮುಗಿಸಬೇಕು, ನಡುವೆ ಕತ್ತರಿಸಿ ಅಂಟಿಸುವಂತಿಲ್ಲ. ಕ್ಯಾಮೆರಾ ವಾದಕರ ಬಲಬದಿಯಲ್ಲಿರಲಿ, ಮುಖವೂ ಎರಡೂ ಕೈಯೂ ಕಾಣಲಿ. ಮೊಬೈಲಿನ ಮೈಕು ಜೋರಿನ ಭಾಗದಲ್ಲಿ ಸದ್ದನ್ನು ತಾನಾಗಿಯೇ ತಗ್ಗಿಸಿ ಮೆಲುವನ್ನೂ ಜೋರನ್ನೂ ಒಂದೇ ಮಟ್ಟಕ್ಕೆ ತರುತ್ತದೆ, ಆದ್ದರಿಂದ ಬೇರೆ ರೆಕಾರ್ಡರ್ ಇಟ್ಟುಕೊಳ್ಳಿ. ಫ್ಯಾನ್ ಆರಿಸುವುದನ್ನು ಮರೆಯಬೇಡಿ.